‘ಇಲ್ಲ’ಕ್ಕೆ ಕತ್ತರಿ

ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಈಗ ವಿಡಿಯೋ ಇಲ್ಲದ ಸಮಾರಂಭವೇ ಅಪರೂಪ. ನಾಮಕರಣ, ಮದುವೆ, ಷಷ್ಟ್ಯಬ್ದಿ, ರಾಜ್ಯೋತ್ಸವ ಎಲ್ಲವನ್ನೂ ಹಿಡಿದಿಡುತ್ತೇವೆ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಕತ್ತರಿಸುತ್ತೇವೆ. ಹಿಡಿದಿಡುವುದಕ್ಕೆ ನಮ್ಮ ತಕರಾರಿಲ್ಲ. ತಕರಾರು ಕತ್ತರಿಯದು.

ಮದುಮಗಳ ಹೆಜ್ಜೆ ಸಿನಿಮಾ ಹಾಡಿನ ತಾಳಕ್ಕೆ ಕೂಡಬೇಕೆಂದು ಒಂದೊಂದು ಫ್ರೇಮನ್ನೂ ಎಣಿಸುವ ನಮ್ಮ ಹುಡುಗರು, ಅಜ್ಜನ ಮಾತನ್ನು ಮಾತ್ರ ಅಂದಾಜಿನ ಮೇಲೆ ತುಂಡರಿಸುತ್ತಾರೆ. ಇದು ಯಾವ ನ್ಯಾಯ?

ಕನ್ನಡ ವಾಕ್ಯದ ಜೀವ ಅದರ ಬಾಲದಲ್ಲಿದೆ. ಯಾರು, ಯಾವಾಗ, ಹೌದೋ ಅಲ್ಲವೋ ಎಂಬುದೆಲ್ಲ ಕೊನೆಯ ಕ್ರಿಯಾಪದದಲ್ಲಿ ತೀರ್ಮಾನವಾಗುತ್ತದೆ. ‘ನಮ್ಮ ಮಕ್ಕಳು ಕನ್ನಡ ಮರೆಯಲಿಲ್ಲ’ ಎಂದು ಹಿರಿಯರೊಬ್ಬರು ಹೇಳಿದರೆನ್ನಿ. ಕೊನೆಯ ಒಂದೇ ಅಕ್ಷರ ಹಾರಿಸಿ ನೋಡಿ: ‘ನಮ್ಮ ಮಕ್ಕಳು ಕನ್ನಡ ಮರೆಯಲಿ!’ ಹರಕೆ ಶಾಪವಾಯಿತು. ಆ ಅಕ್ಷರಕ್ಕೆ ಹಿಡಿಯುವುದು ಸುಮಾರು ಕಾಲು ಸೆಕೆಂಡು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಆರೇಳು ಫ್ರೇಮು.

‘ಸಾಫ್ಟ್‌ವೇರೇ ತನಗೆ ಬೇಕಾದಲ್ಲಿ ಕತ್ತರಿಸುತ್ತದೆ’ ಎಂಬ ನೆಪ ನಡೆಯದು. ಮೊಬೈಲು ಜಾಗ ಉಳಿಸಲು ಪೂರ್ಣ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಬರೆದಿಟ್ಟು, ನಡುವೆ ಆದ ಬದಲಾವಣೆಯನ್ನಷ್ಟೇ ಗುರುತಿಸುತ್ತದೆ. ಆದ್ದರಿಂದ ಫೈಲನ್ನು ಇದ್ದಹಾಗೇ ಕೊಯ್ಯುವ ಅವಸರದ ಸಾಫ್ಟ್‌ವೇರುಗಳು ಸಮೀಪದ ಪೂರ್ಣ ಚಿತ್ರಕ್ಕೆ ಜಾರುತ್ತವೆ. ಹೊಸದಾಗಿ ಎನ್‌ಕೋಡ್ ಮಾಡಿದರೆ ಬೇಕಾದ ಫ್ರೇಮಿನಲ್ಲೇ ಕತ್ತರಿಸಬಹುದು. ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಸಾಫ್ಟ್‌ವೇರುಗಳು ಉಚಿತವಾಗಿಯೇ ಸಿಗುತ್ತವೆ. ಬಾಣದ ಕೀಲಿ ಒಮ್ಮೆ ಒತ್ತಿದರೆ ಒಂದೇ ಫ್ರೇಮು ಸರಿಯುತ್ತದೆ. ಕೊರತೆ ಯಂತ್ರದ್ದಲ್ಲ, ಆಸ್ಥೆಯದು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದು ಬೀದರ, ಗುಲ್ಬರ್ಗ, ರಾಯಚೂರು ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅನೇಕ ಕನ್ನಡ ಕುಟುಂಬಗಳು ಇಲ್ಲಿಯೇ ಉಳಿದವು. ಅಂದು ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ‘ಜರೂರ’, ‘ದವಾಖಾನೆ’ಗಳು ಬೆರೆತ ಅವರ ಕನ್ನಡ ಯಾವ ಪಠ್ಯಪುಸ್ತಕದಲ್ಲೂ ಸಿಗದು. ಅದನ್ನು ಹಾಡಿನ ಕೆಳಗೆ ಹೂತು, ಬಾಲ ಕೊಯ್ದು, ಮೊಮ್ಮಕ್ಕಳಿಗೆ ಏನನ್ನು ಒಪ್ಪಿಸುತ್ತೇವೆ?

ಸದಸ್ಯ ಬಂಧುಗಳಲ್ಲಿ ನಮ್ಮ ಆಗ್ರಹ ಇಷ್ಟೇ: ಮೂಲ ಪ್ರತಿಯನ್ನು ಅಳಿಸಬೇಡಿ. ಕ್ರಿಯಾಪದ ಮುಗಿದು, ಮಾತನಾಡಿದವರು ಉಸಿರೆಳೆದುಕೊಂಡ ಮೇಲೆ ಕತ್ತರಿ ಹಾಕಿ. ಮಾತು ಮುಕ್ಕಾದ ವಿಡಿಯೋ ಸಂಘದ ವೇದಿಕೆ ಏರದಿರಲಿ. ಹಾಡು ಮತ್ತೆ ಸಿಕ್ಕೀತು. ಆ ದನಿ ಸಿಗಲಾರದು.