ಪುಸ್ತಕವನ್ನು ಮನೆಯಲ್ಲಿ ಬಿಟ್ಟುಬಂದ ಹುಡುಗಿ

ವ್ಯಂಗ್ಯಚಿತ್ರದ ಗೊಂಬೆಗಳು ನಗಿಸುವುದಕ್ಕಷ್ಟೇ ಲಾಯಕ್ಕು, ಮನುಷ್ಯನ ಒಳಗುದಿಯನ್ನು ಹೇಳುವ ಯೋಗ್ಯತೆ ಅವಕ್ಕಿಲ್ಲ ಎಂಬ ಭಾವನೆ ನಮ್ಮ ಸಾಹಿತ್ಯಪ್ರಿಯರಲ್ಲಿ ಇನ್ನೂ ಬಲವಾಗಿದೆ. ನನ್ನದೂ ಅದೇ ಮತವಾಗಿತ್ತು. ಅದನ್ನು ಸಡಿಲಿಸಿದ್ದು ಅಮೆರಿಕದ ‘ದಿ ಸಿಂಪ್ಸನ್ಸ್’ ಚಿತ್ರಮಾಲೆಯ ಒಂದು ಕಂತು. ‘ಸಮ್ಮರ್ ಆಫ್ ಫೋರ್ ಫೀಟ್ ಟು’ ಎಂಬ ಹೆಸರಿನ ಆ ಕಂತು 1996ರ ಮೇ 19ರಂದು ಪ್ರಸಾರವಾಯಿತು. ಬರೆದವರು ಡಾನ್ ಗ್ರೀನಿ.

ಎಂಟು ವರ್ಷದ ಲೀಸಾ ಶಾಲೆಯ ವಾರ್ಷಿಕ ಸಂಚಿಕೆಯ ಸಂಪಾದಕಿ. ವರ್ಷದ ಕೊನೆಯಲ್ಲಿ ಮಕ್ಕಳು ಒಬ್ಬರ ಪ್ರತಿಯಲ್ಲಿ ಇನ್ನೊಬ್ಬರು ಹಸ್ತಾಕ್ಷರ ಹಾಕುವುದು ಅಲ್ಲಿಯ ವಾಡಿಕೆ. ತುಂಟ ಅಣ್ಣ ಬಾರ್ಟನನ್ನು ಎಲ್ಲರೂ ಮುತ್ತುತ್ತಾರೆ. ಸಂಚಿಕೆಯನ್ನು ಕಟ್ಟಿದವಳ ಪ್ರತಿ ಮಾತ್ರ ಖಾಲಿ. ಆ ಹೊತ್ತಿಗೆ ನೆರೆಯವನಾದ ಫ್ಲಾಂಡರ್ಸನ ಕಡಲತೀರದ ಮನೆ ರಜೆಗೆ ದೊರೆಯುತ್ತದೆ. ಲೀಸಾ ಬರಿಯ ಪೆಟ್ಟಿಗೆಯನ್ನು ಹೊತ್ತು ಹೊರಡುತ್ತಾಳೆ. ಪುಸ್ತಕವಿಲ್ಲ, ಹಳೆಯ ಉಡುಪಿಲ್ಲ. ಗುರುತಿಲ್ಲದ ಊರಿನಲ್ಲಿ ಬೇರೊಬ್ಬಳಾಗಬೇಕೆಂಬುದು ಅವಳ ಹಂಚಿಕೆ.

ಅಪ್ಪ ಹೋಮರನ ಪಟಾಕಿ ಪ್ರಹಸನ ನಗೆಯ ಪಾಲಿಗೆ ಸಲ್ಲತಕ್ಕದ್ದು, ಅದನ್ನು ಬಿಟ್ಟುಬಿಡೋಣ. ನನ್ನ ಮನಸ್ಸು ನಿಂತದ್ದು ಗ್ರಂಥಾಲಯದಲ್ಲಿ. ಹಳೆಯ ಅಭ್ಯಾಸ ಲೀಸಾಳ ಕಾಲನ್ನು ಅಲ್ಲಿಗೆಳೆಯುತ್ತದೆ. ಕಥೆಪುಸ್ತಕದ ಪಿಪ್ಪಿ ಎದ್ದುಬಂದು ಅವಳನ್ನು ಕರೆಯುತ್ತಾಳೆ. ಕುಡುಕನೊಬ್ಬ ಹೆಂಡದಂಗಡಿಯ ಬಾಗಿಲಿನಿಂದ ತಪ್ಪಿಸಿಕೊಂಡು ಓಡುವಂತೆ ಈ ಕೂಸು ಪುಸ್ತಕಗಳಿಂದ ಓಡುತ್ತದೆ! ನಗು ಬರುತ್ತದೆ, ನಿಜ. ಆದರೆ ಓದುವ ಹುಡುಗಿಯೊಬ್ಬಳು ನಾಲ್ಕು ಜನರ ಸ್ನೇಹಕ್ಕಾಗಿ ಓದನ್ನು ದುಶ್ಚಟದಂತೆ ಅಡಗಿಸಬೇಕಾಯಿತಲ್ಲ, ಅದು ನಗೆಯ ಮಾತೇ? ಸಭೆಯಲ್ಲಿ ಬಹುಮಾನ ಕೊಟ್ಟು ಚಪ್ಪಾಳೆ ತಟ್ಟಿಸುವ ಹಿರಿಯರಿಗೆ ಆಟದ ಬಯಲಿನಲ್ಲಿ ಆ ಬಹುಮಾನದ ಬೆಲೆ ಏನೆಂಬುದು ತಿಳಿಯದು.

ಲೀಸಾ ಹೊಸ ಗೆಳೆಯರನ್ನು ಸಂಪಾದಿಸುತ್ತಾಳೆ. ಅವಳ ಬಾಯಲ್ಲಿ ಈಗ ಅಣ್ಣನ ಮಾತಿನ ಧಾಟಿ. ಬಾರ್ಟನಿಗೆ ಸಹಿಸಲಾಗದ್ದು ತಂಗಿಯ ಜನಪ್ರಿಯತೆ ಮಾತ್ರವಲ್ಲ. ತನ್ನ ಅಂಗಿಯನ್ನೇ ತೊಟ್ಟು ಅವಳು ಮೆರೆಯುತ್ತಿದ್ದಾಳೆಂಬುದು. ಹಾಗೆಂದೇ ಅವನು ವಾರ್ಷಿಕ ಸಂಚಿಕೆಯನ್ನು ಆ ಗೆಳೆಯರ ಮುಂದೆ ಬಿಡಿಸಿಟ್ಟು ಅವಳ ಪಾಂಡಿತ್ಯವನ್ನು ಬಯಲುಮಾಡುತ್ತಾನೆ. ಒಡಹುಟ್ಟಿದವರ ಕ್ರೌರ್ಯಕ್ಕೆ ಇಷ್ಟು ಸಾಕು; ಒಂದು ಏಟೂ ಬೀಳಬೇಕಾಗಿಲ್ಲ.

ಮುಂದೆ ಗೆಳೆಯರು ಕಾರನ್ನು ಕೆಡಿಸುತ್ತಿದ್ದಾರೆಂದು ಲೀಸಾ ಅಂಜುತ್ತಾಳೆ. ನೋಡಿದರೆ ಅವರು ಅದಕ್ಕೆ ಕಡಲ ಚಿಪ್ಪುಗಳನ್ನು ಅಂಟಿಸಿ ಸಿಂಗರಿಸುತ್ತಿದ್ದಾರೆ. ಈ ಮುಕ್ತಾಯ ತೀರ ಸಿಹಿಯಾಯಿತೆಂದು ಆಕ್ಷೇಪಿಸಬಹುದು. ಮೊದಲ ಸಲ ನೋಡಿದಾಗ ನನಗೂ ಹಾಗೆನಿಸಿತ್ತು. ಆದರೆ ವೇಷದ ನಡುವೆಯೂ ಅವಳ ಜ್ಞಾನ ಬಾಯಿಜಾರಿ ಹೊರಬಿದ್ದಿದೆ. ದೂರದರ್ಶನದಲ್ಲಿ ಕಂಡದ್ದೆಂದು ಅವಳು ನುಣುಚಿಕೊಂಡಿದ್ದಾಳೆ, ಅಷ್ಟೆ. ಗೆಳೆಯರು ಮೆಚ್ಚಿದ್ದು ವೇಷವನ್ನಲ್ಲ, ಅದರ ಹರುಕಿನಿಂದ ಇಣುಕಿದ ಹುಡುಗಿಯನ್ನು. ನನ್ನ ತಕರಾರು ಬೇರೆ. ತಪ್ಪನ್ನು ತಿದ್ದಿಕೊಳ್ಳಲು ಬಾರ್ಟ್ ಅದೇ ಸಂಚಿಕೆಯಲ್ಲಿ ಅವರೆಲ್ಲರ ಹಸ್ತಾಕ್ಷರ ಹಾಕಿಸಿ ತಂದುಕೊಡುತ್ತಾನೆ. ಚೆನ್ನಾಗಿದೆ. ಆದರೆ ಖಾಲಿ ಪ್ರತಿಯನ್ನು ಅವಳ ಕೈಗೆ ಮರಳಿಸಿದ ಊರಿನ ಶಾಲೆ? ಕಥೆ ಅದರ ಗೊಡವೆಗೇ ಹೋಗುವುದಿಲ್ಲ. ರಜೆ ಮುಗಿದ ಮೇಲೆ ಅವಳು ಕುಳಿತುಕೊಳ್ಳಬೇಕಾದುದು ಅಲ್ಲಿಯೇ. ಮಾಲೆ ಆರಂಭವಾದದ್ದು 1989ರಲ್ಲಿ; ಲೀಸಾಳಿಗೆ ಇಂದಿಗೂ ಎಂಟೇ ವರ್ಷ.