ಕಾರೋ, ವಿಮಾನವೋ, ರೈಲೋ? ಮಂಗಳೂರು ದಾರಿಯನ್ನ ನಿಜಕ್ಕೂ ಆರಿಸ್ತಿರೋದು ಯಾರು?

ಹಬ್ಬಕ್ಕೆ ಮೂರು ವಾರ ಇರುವಾಗ್ಲೇ ಊರಿಂದ ಅಮ್ಮನ ಫೋನ್ ಬರುತ್ತೆ. "ಎಂತದ್ರಲ್ಲಿ ಬರ್ತಿ ಮಾರಾಯ? ರಾತ್ರಿ ಒಬ್ಬನೇ ಕಾರು ಬಿಟ್ಕೊಂಡು ಬರುದು ಬೇಡ." ಬೆಂಗಳೂರಲ್ಲಿ ದುಡಿಯೋ ಕರಾವಳಿಯವರಿಗೆಲ್ಲ ಗೊತ್ತಿರೋ ಪ್ರಶ್ನೆ ಇದು. ಮೊಬೈಲಲ್ಲಿ ರೈಲು, ವಿಮಾನ, ಮ್ಯಾಪ್ ಮೂರನ್ನೂ ತೆರೆದು ಕೂತು, ಯಾವುದು ಲಾಭ ಅಂತ ಲೆಕ್ಕ ಹಾಕ್ತೀವಿ. ಈ ಸಲ ಆ ಲೆಕ್ಕವನ್ನ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಮೊದಲು ವಿಮಾನ. ಹಾರಾಟ ಬರೀ ಒಂದು ಗಂಟೆ. ಆದ್ರೆ ನೀವು ಜಯನಗರದಲ್ಲೋ ಬನಶಂಕರಿಯಲ್ಲೋ ಇದ್ದರೆ ದೇವನಹಳ್ಳಿ ಮುಟ್ಟೋಕೇ ಒಂದೂವರೆ, ಎರಡು ಗಂಟೆ. ಚೆಕ್-ಇನ್, ಸೆಕ್ಯೂರಿಟಿಗೆ ಇನ್ನೊಂದೂವರೆ ಗಂಟೆ. ಆ ಕಡೆ ಬಜ್ಪೆ ಗುಡ್ಡದಿಂದ ಊರಿಗಿಳಿಯೋದು ಬೇರೆ. ಒಟ್ಟು ಐದಾರು ಗಂಟೆ. ಕಾರಾದ್ರೆ ಸುಮಾರು 350 ಕಿ.ಮೀ., ಏಳೆಂಟು ಗಂಟೆ. ಲೀಟರಿಗೆ 15 ಕಿ.ಮೀ. ಕೊಡೋ ಗಾಡಿಗೆ 23 ಲೀಟರ್ ಪೆಟ್ರೋಲ್, ಮೇಲೆ ಟೋಲ್. ನಾಲ್ಕು ಜನ ಹಂಚಿಕೊಂಡ್ರೆ ಸರಿ, ಒಬ್ಬರಿಗೆ ದುಬಾರಿ. ರೈಲಿಗೆ ಒಂಬತ್ತು ಗಂಟೆ ಆಚೀಚೆ. ಆದ್ರೆ ಸ್ಲೀಪರ್ ಟಿಕೆಟ್ಟಿಗೆ ಐನೂರು ರೂಪಾಯಿ ಕೂಡ ಆಗಲ್ಲ, ರಾತ್ರಿ ಮಲಗಿದ್ರೆ ಬೆಳಗ್ಗೆ ಊರು.

ಕಾಗದದ ಮೇಲೆ ರೈಲು ಗೆಲ್ಲಬೇಕು. ಆದರೆ ಹಬ್ಬದ ವಾರದ ಟಿಕೆಟ್ 60 ದಿನ ಮೊದಲು ಬುಕಿಂಗ್ ತೆರೆದಾಗಲೇ ಹಿಡಿಯದಿದ್ರೆ ವೇಟಿಂಗ್ ಲಿಸ್ಟೇ ಗತಿ. ಕೊನೆಗೆ ದುಡ್ಡಿದ್ದವರು ವಿಮಾನ, ಕಾರಿದ್ದವರು ಕಾರು, ಎರಡೂ ಇಲ್ಲದವರು ಬಸ್ಸು. ಇದನ್ನೇ ನಾವು 'ಆಯ್ಕೆ' ಅಂತೀವಿ.

ಈ ಪರಿಸ್ಥಿತಿ ತಾನಾಗೇ ಹುಟ್ಟಿದ್ದಲ್ಲ. ಹಾಸನ–ಮಂಗಳೂರು ನಡುವೆ ಮೀಟರ್ ಗೇಜ್ ಹಳಿ ಪೂರ್ತಿಯಾಗಿದ್ದು 1979ರಲ್ಲಿ. ಬ್ರಾಡ್‌ಗೇಜ್ ಮಾಡ್ತೀವಿ ಅಂತ 1996ರಲ್ಲಿ ಅದನ್ನ ಮುಚ್ಚಿದ್ರು. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಅಂದ್ರೆ ಬೆಂಗಳೂರಿನ ಐಟಿ ಉದ್ಯಮ ಕರಾವಳಿಯ ಹುಡುಗ ಹುಡುಗಿಯರನ್ನ ಸಾಲುಸಾಲಾಗಿ ಸೆಳೆದುಕೊಂಡ ಅದೇ ಹನ್ನೊಂದು ವರ್ಷ, ಈ ಎರಡು ಊರಿನ ನಡುವೆ ನೇರ ರೈಲೇ ಇರಲಿಲ್ಲ. ಒಂದು ತಲೆಮಾರು ಸ್ಲೀಪರ್ ಬಸ್ಸಿಗೆ ಒಗ್ಗಿಹೋಯ್ತು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗೋ ಹತ್ತಿರದ ಹಳಿ 1996-97ರಲ್ಲಿ ಮಂಜೂರಾಗಿ, ತೆರೆದದ್ದು 2017ರಲ್ಲಿ. ರೈಲಿಗೆ ಜನ ಬರ್ತಿಲ್ಲ ಅನ್ನೋ ಮಾತು ಆಗಾಗ ಕೇಳಿಬರುತ್ತೆ. ರೈಲೇ ಬರದಿದ್ದ ವರ್ಷಗಳ ಲೆಕ್ಕ ಯಾರೂ ಕೊಡಲ್ಲ.

ಈಗ ಹೊಸ ಭರವಸೆ ವಿದ್ಯುದೀಕರಣ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ಘಾಟಿಯಲ್ಲಿ 2025ರ ಡಿಸೆಂಬರ್ ಕೊನೆಯಲ್ಲಿ ಎಲೆಕ್ಟ್ರಿಕ್ ಎಂಜಿನ್ನಿನ ಪರೀಕ್ಷಾರ್ಥ ಓಡಾಟ ನಡೆಯಿತು. ಒಳ್ಳೆಯದೇ. ಡೀಸೆಲ್ ಹೊಗೆ ಕಮ್ಮಿಯಾಗುತ್ತೆ, ಏರು ಹತ್ತೋಕೆ ಬಲ ಹೆಚ್ಚುತ್ತೆ. ಬೆನ್ನಲ್ಲೇ ವಂದೇ ಭಾರತ್ ಮಾತೂ ಬಂತು. ಆದ್ರೆ ಎಂಜಿನಿಯರಿಂಗ್ ಓದಿದವನಾಗಿ ಒಂದು ಮಾತು: ತಂತಿ ಎಳೆದ ಮಾತ್ರಕ್ಕೆ ತಿರುವು ನೇರ ಆಗಲ್ಲ. ಅಲ್ಲಿರೋದು 50 ಮೀಟರಿಗೆ 1 ಮೀಟರ್ ಏರು, 57 ಸುರಂಗ, ನೂರಕ್ಕೂ ಹೆಚ್ಚು ತಿರುವು. ರೈಲು ಓಡೋದು ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ. 55 ಕಿ.ಮೀ.ಗೆ ಎರಡು ಗಂಟೆ ಹತ್ತಿರ. ರೈಲಿನ ಮೂತಿ ಎಷ್ಟೇ ಚೂಪಾಗಿದ್ರೂ ಈ ಲೆಕ್ಕ ಬಹಳ ಬದಲಾಗಲ್ಲ.

ಹಾಗಾಗಿ ಇಲ್ಲಿನ ನಿಜವಾದ ಸಮಸ್ಯೆ ವೇಗ ಅಲ್ಲ, ಸಾಮರ್ಥ್ಯ. ಘಾಟಿಯಲ್ಲಿರೋದು ಒಂಟಿ ಹಳಿ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಇಂಥ ಕೆಲವೇ ನಿಲ್ದಾಣಗಳಲ್ಲಿ ಒಂದು ರೈಲು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಪಣಂಬೂರು ಬಂದರಿನ ಗೂಡ್ಸ್ ರೈಲುಗಳಿಗೂ ಇದೇ ಹಳಿ. ಇದರ ಮೇಲೆ ಹಗಲು ಹೊತ್ತಿನ ಒಂದು ದುಬಾರಿ ರೈಲು ಬಂದ್ರೆ ಫೋಟೋ ಚೆನ್ನಾಗಿ ಬರುತ್ತೆ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕಾದ ನರ್ಸ್, ಸೆಕ್ಯೂರಿಟಿ ಗಾರ್ಡ್, ಹೋಟೆಲ್ ಹುಡುಗನಿಗೆ ಅದರಿಂದ ಏನು ಸಿಕ್ತು?

ಕೇಳೋಣ ಅಂದ್ರೆ ಯಾರನ್ನ? ಮಂಗಳೂರು ಸೆಂಟ್ರಲ್ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು. ಘಾಟಿ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ತೋಕೂರಿನಿಂದಾಚೆ ಕೊಂಕಣ ರೈಲ್ವೆ. ಕೇಂದ್ರ ಕಚೇರಿಗಳು ಚೆನ್ನೈ, ಹುಬ್ಬಳ್ಳಿ, ನವಿ ಮುಂಬೈ. ಒಂದು ಊರಿಗೆ ಮೂವರು ಯಜಮಾನರು. ಇನ್ನು ರಾಜ್ಯ ಸರ್ಕಾರವೂ 'ಅದು ಕೇಂದ್ರದ್ದು' ಅಂತ ಕೈತೊಳ್ಕೊಳ್ಳೋ ಹಾಗಿಲ್ಲ. ಘಾಟಿಯ ಗೇಜ್ ಪರಿವರ್ತನೆ ಆಗಿದ್ದು ರಾಜ್ಯದ ಪಾಲೂ ಇದ್ದ ಕಂಪನಿಯ ಮೂಲಕ.

ರಸ್ತೆ ಸರಿಮಾಡಿದ್ರೆ ಸಾಕಲ್ವಾ ಅಂತ ಕೇಳಬಹುದು. 2024ರ ಜುಲೈ ನೆನಪಿಸಿಕೊಳ್ಳಿ. ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಎರಡು ವಾರದ ಹತ್ತಿರ ರೈಲು ನಿಂತಿತು. ಅದೇ ತಿಂಗಳು ಸಕಲೇಶಪುರದ ಬಳಿ ಹೆದ್ದಾರಿ ಮೇಲೂ ಗುಡ್ಡ ಕುಸೀತು. ಅಂಥ ಮಳೆಯಲ್ಲಿ ಊರಲ್ಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ತಕ್ಷಣ ಹೋಗೋದು ವಿಮಾನಕ್ಕೆ ದುಡ್ಡಿದ್ದವರು ಮಾತ್ರ. ಗುಡ್ಡ ಕಡಿದಷ್ಟೂ ಕುಸಿಯೋ ಘಾಟಿಯಲ್ಲಿ ಲೇನ್ ಹೆಚ್ಚಿಸೋದೊಂದೇ ಉತ್ತರ ಆಗಲ್ಲ.

ಮುಂದಿನ ಚುನಾವಣೆಯಲ್ಲಿ ಕರಾವಳಿಯ ಅಭ್ಯರ್ಥಿ ಯಾವ ಪಕ್ಷದವರೇ ಇರಲಿ, ಮೂರು ಪ್ರಶ್ನೆ ಕೇಳಿ. ವಾರಾಂತ್ಯಕ್ಕೆ ರಾತ್ರಿ ರೈಲು, ಸ್ಲೀಪರ್ ಬೋಗಿ ಎಷ್ಟು ಹೆಚ್ಚಿಸ್ತೀರಿ? ಘಾಟಿಗೆ ಎರಡನೇ ಹಳಿ ಆಗುತ್ತಾ ಇಲ್ವಾ, ಪರಿಸರದ ಲೆಕ್ಕ ಸೇರಿಸಿ ವರದಿಯನ್ನ ಜನರ ಮುಂದೆ ಇಡ್ತೀರಾ? ಮಂಗಳೂರಿನ ರೈಲಿಗೆ ಉತ್ತರ ಕೊಡೋ ಒಬ್ಬ ಅಧಿಕಾರಿ ಯಾವಾಗ ಸಿಗ್ತಾರೆ?

ಅಲ್ಲೀವರೆಗೆ ಅಮ್ಮನ ಪ್ರಶ್ನೆಗೆ ನನ್ನ ಉತ್ತರ ಪ್ರತಿಸಲ ಒಂದೇ: "ನೋಡ್ತೇನೆ ಅಮ್ಮ, ಟಿಕೆಟ್ ಸಿಕ್ಕಿದ್ರೆ ರೈಲಲ್ಲಿ."