ಹವಳವೂ ಒಂದು ಶಾಸನ

ಇತಿಹಾಸವೆಂದರೆ ಪಟ್ಟಾಭಿಷೇಕ, ಯುದ್ಧಗಳ ತೇದಿಗಳೆಂದೇ ನಮ್ಮಲ್ಲನೇಕರ ಭಾವನೆ. ಆದರೆ ನಮ್ಮ ಮಸೂತಿಯ ರೈತನನ್ನು ತಲೆತಲಾಂತರದಿಂದ ಆಳಿದವನು ಮಳೆರಾಯ. ಅವನ ಚರಿತ್ರೆಯನ್ನು ಬರೆದಿಟ್ಟವರಾರು? ಸಮುದ್ರದ ಹವಳವೆಂದರೆ ವಾಚಕರು ನಕ್ಕಾರು. ಆದರೂ ಅದರಲ್ಲಿ ಸತ್ಯಾಂಶವುಂಟು.

ತಾಳಿಯಲ್ಲಿ ಪೋಣಿಸುವ ಕೆಂಪು ಹವಳದ ಮಾತಲ್ಲವಿದು. ದಿಬ್ಬ ಕಟ್ಟುವ ಹವಳದ ಹುಳುಗಳು ನೀರಿನೊಳಗಿನ ಸುಣ್ಣದಿಂದ ಗೂಡು ಕಟ್ಟುತ್ತವೆ. ಮರದ ಕಾಂಡದಂತೆ ಇದರಲ್ಲಿಯೂ ವರ್ಷವರ್ಷದ ಪದರಗಳಿರುತ್ತವೆ. ಎಕ್ಸ್-ರೇ ಚಿತ್ರದಲ್ಲಿ ಅವನ್ನು ಎಣಿಸಬಹುದು. ಕ್ಯಾಲ್ಸಿಯಮ್ಮಿನೊಡನೆ ಸ್ಟ್ರಾನ್ಷಿಯಮ್ ಎಂಬ ಧಾತುವೂ ಸ್ವಲ್ಪ ಸೇರುತ್ತದೆ: ನೀರು ತಂಪಾಗಿದ್ದರೆ ಹೆಚ್ಚು, ಬೆಚ್ಚಗಿದ್ದರೆ ಕಡಿಮೆ. ಅದನ್ನು ಅಳೆದು ಆ ಕಾಲದ ಸಮುದ್ರದ ಉಷ್ಣತೆಯನ್ನು ಅಂದಾಜು ಮಾಡುತ್ತಾರೆ. ಆಮ್ಲಜನಕದ ಹಗುರ, ಭಾರ ಪರಮಾಣುಗಳ ಪ್ರಮಾಣವೂ ಇಂತಹ ಸಾಕ್ಷಿಯೇ. ಲಕ್ಷದ್ವೀಪದ ಕವರತ್ತಿಯ ಹವಳದಲ್ಲಿ, ಮುಂಗಾರು ಮಾರುತ ಬೀಸಿದಾಗ ಅರಬ್ಬೀ ಸಮುದ್ರ ತಂಪಾದ ಗುರುತನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಓದಿ, 1993ರಲ್ಲಿ ಪ್ರಕಟಿಸಿದರು. ಸೇಶೆಲ್ಸ್ ದ್ವೀಪದ ಹವಳವೊಂದು 1846ರಿಂದ ಸುಮಾರು 150 ವರ್ಷಗಳ ಲೆಕ್ಕವನ್ನು ಕೊಟ್ಟಿದೆ.

ಇದರಿಂದ ಕಲಾವಿಭಾಗದವರಿಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. 1876-78ರ ಘೋರ ಕ್ಷಾಮವನ್ನು ನೆನೆಯೋಣ. ಆಗ ನಮ್ಮದು ಕಲಾದಗಿ ಜಿಲ್ಲೆ. ಸರಕಾರಿ ಬರಹಗಳಲ್ಲಿ ಧಾರಣೆವಾಸಿಗಳಿವೆ, ಪರಿಹಾರ ಕಾಮಗಾರಿಗಳಿವೆ, ಸಮುದ್ರದ ಅವಸ್ಥೆಯಿಲ್ಲ. 1877ರಲ್ಲಿ ಶಾಂತಸಾಗರವು ವಿಪರೀತ ಬಿಸಿಯೇರಿ, ಪ್ರಬಲವಾದ ಎಲ್ ನಿನೊ ತಲೆದೋರಿತ್ತೆಂದು ಈಗ ಬಲ್ಲೆವು. ಅದೇ ಕಾಲದಲ್ಲಿ, ಹಸಿದ ಈ ದೇಶದಿಂದ ಧಾನ್ಯವು ಹಡಗುಗಳಲ್ಲಿ ಹೊರಕ್ಕೆ ಹೋಗುತ್ತಲೇ ಇತ್ತು. ನಿಸರ್ಗದ ಪಾಲೆಷ್ಟೆಂದು ತಿಳಿದಾಗಲೇ ಆಳಿದವರ ಪಾಲೆಷ್ಟೆಂದು ಅಳೆಯಲು ಸಾಧ್ಯ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ಬರವೆಲ್ಲ ಕರ್ಮಫಲವೆಂಬ ಹಿರಿಯರ ಮಾತನ್ನು ಗೌರವದಿಂದ ಕೇಳಿದ್ದೇನೆ, ಆದರೆ ಒಪ್ಪಲಾರೆ. ಹಾಗೆ ಒಪ್ಪಿದರೆ ಅಪರಾಧಿಗಳೆಲ್ಲ ಪಾರಾದಂತೆ.

ಆದರೆ ಈ ಲಿಪಿಕಾರರೇ ಸಾಯುತ್ತಿದ್ದಾರೆ. ನೀರಿನ ತಾಪ ಮಿತಿಮೀರಿ 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬೆಳ್ಳಗಾಗಿ, ಬಹಳಷ್ಟು ಸತ್ತವು. ಸತ್ತ ಹವಳ ಮುಂದಿನ ಪದರವನ್ನು ಬರೆಯದು. ಬರೆದದ್ದೂ ಕ್ರಮೇಣ ಸವೆಯುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನಮ್ಮ ರಾಜ್ಯದ ಹವಳಗಳೂ ಇವೆ. ಗೋಲಗುಮ್ಮಟದ ಕಲ್ಲನ್ನು ಕಾಪಾಡುವ ನಾವು ಇವುಗಳನ್ನೂ ಕಾಪಾಡಬೇಡವೇ? ಇತಿಹಾಸದ ಆಧಾರಗಳನ್ನು ಬೋಧಿಸುವಾಗ ಶಾಸನ, ನಾಣ್ಯಗಳೊಡನೆ ಹವಳದ ಹೆಸರನ್ನೂ ಹೇಳಲೆಂದು ಗುರುಗಳಲ್ಲಿ ನನ್ನ ನಮ್ರ ವಿನಂತಿ. ಸಮುದ್ರವನ್ನೇ ಕಾಣದ ರೈತನ ಕಥೆಯೂ ಅದರಲ್ಲಿದೆ.